ಸಂಡಾಸದ ಚಾವಿ

ದುಂಡವ್ವನ ಹಂದಿಗಳು ಊರ ಮಂದಿಗಿಂತ ಚೊಕ್ಕಟವಾಗಿದ್ದವು. ಇದು ದುಂಡವ್ವನದೇ ಮಾತು. ಕೆಂಚನಹಟ್ಟಿಯ ಚಹಾದಂಗಡಿಯ ಮುಂದಾಗಲಿ, ಹಿಟ್ಟಿನ ಗಿರಣಿಯಲ್ಲಾಗಲಿ, ಬಸ್ಸಿನೊಳಗಾಗಲಿ, ತನ್ನನ್ನು ಕಂಡು ಯಾರಾದರೂ ಮೂಗಿಗೆ ಸೆರಗು ಹಿಡಿದರೆ ಈ ಮಾತನ್ನು ಅವರ ಮುಖಕ್ಕೇ ಹೇಳಿಬಿಡುತ್ತಿದ್ದಳು.

ಸುಳ್ಳೇನೂ ಅಲ್ಲ. ಮೇಲವಂಕಿ ದಾಟಿ ಕಲ್ಲೋಳಿಯ ಕಡೆ ಹೊರಟರೆ ಕಾಲುವೆಯ ಮಗ್ಗುಲಿಗೆ ಆಕೆಯ ಶೆಡ್ಡು. ಸಿಮೆಂಟಿನ ನೆಲ, ದಿನಕ್ಕೆ ಎರಡು ಸಲ ಪೈಪು ಹಿಡಿದು ತೊಳೆಯುವುದು, ಬಾಗಿಲಲ್ಲಿ ಸುಣ್ಣದ ನೀರಿನ ತೊಟ್ಟಿ. ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಕರೆಂಟು ಬಿಲ್ಲಿನವನನ್ನೂ ಒಮ್ಮೆ ಬೂಟು ಬಿಚ್ಚಿಸಿ ನಿಲ್ಲಿಸಿದ್ದಳು. ಅವನು ಆಮೇಲೆ ಬಿಲ್ಲನ್ನು ಬೇಲಿಗೆ ಸಿಕ್ಕಿಸಿ ಹೋಗುವ ರೂಢಿ ಮಾಡಿಕೊಂಡ.

ಅವರದು ಕುರಿಗಾರರ ಮನೆತನ. ಗಂಡ ಮಾಳಪ್ಪನ ಅಪ್ಪ, ಅಜ್ಜ ಎಲ್ಲ ಹಿಂಡು ಹೊಡೆದುಕೊಂಡು ಊರೂರು ತಿರುಗಿದವರು. ಮೇಯಿಸುವ ಬಯಲೆಲ್ಲ ಕಬ್ಬಿನ ಗದ್ದೆಯಾಯಿತು, ಮಾಳಪ್ಪನ ಮೊಣಕಾಲು ಸವೆಯಿತು. ದುಂಡವ್ವ ಹುಕ್ಕೇರಿಗೆ ಹೋಗಿ ಐದು ದಿನ ತರಬೇತಿಯಲ್ಲಿ ಕೂತಳು, ಬರುವಾಗ ಟಂಟಂ ಗಾಡಿಯಲ್ಲಿ ಆರು ಹಂದಿಮರಿ ತಂದಳು. ಬೀಗರು ಅವಳ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟರು. "ಬಿಡ್ರಿ, ಕೊಡ ಹೊರೂದು ಕಡಿಮಿ ಆತು," ಅಂದಳು. ಮೂರು ವರ್ಷದಲ್ಲಿ ಶೆಡ್ಡು ಉದ್ದವಾಯಿತು, ಬೀಗರೂ ಬಂದು ಚಹಾ ಕುಡಿದು ಹೋದರು.

ಹೀಗೆ ಇರುವಾಗ ಪಂಚಾಯಿತಿ ಅಧ್ಯಕ್ಷ ಮುರಿಗೆಪ್ಪನ ಹೆಂಡತಿ ಶೋಭಾ ಗಿರಣಿಯಲ್ಲಿ ಜೋಳ ಬೀಸಿಸುತ್ತ ನಿಂತವಳು ಕೈಕಾಲು ಸೆಟೆದು ನೆಲಕ್ಕೆ ಬಿದ್ದಳು. ಬಾಯಲ್ಲಿ ನೊರೆ. ಘಟಪ್ರಭಾದ ದವಾಖಾನೆಗೆ ಒಯ್ದರು, ತಲೆಯ ಸ್ಕ್ಯಾನು ಮಾಡಿಸಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮಿದುಳಿನಲ್ಲಿ ಹುಳುವಿನ ಗಂಟು ಇದೆ, ಇದಕ್ಕೆ ಹಂದಿ ಲಾಡಿಹುಳು ಅನ್ನುತ್ತಾರೆ, ಗುಳಿಗೆಗೆ ಕರಗುತ್ತದೆ, ಹೆದರಬೇಡಿ ಅಂದರು. ಮುರಿಗೆಪ್ಪನ ಕಿವಿಗೆ ಬಿದ್ದದ್ದು ಹಂದಿ ಎಂಬ ಒಂದೇ ಮಾತು. ಕೊರಳಲ್ಲಿ ಲಿಂಗ ಕಟ್ಟಿದ ಮನೆ, ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆ. ಅಂಥ ಮನೆಯ ಹೆಣ್ಣುಮಗಳ ತಲೆಯೊಳಗೆ ಹಂದಿಯ ಹುಳು ಹೊಕ್ಕಿದೆ ಎಂದರೆ ಅದು ದುಂಡವ್ವನ ಶೆಡ್ಡಿನ ಗಾಳಿಯಿಂದಲೇ ಎಂದು ಊರು ಸಂಜೆಯೊಳಗೆ ತೀರ್ಮಾನಿಸಿತು.

ಸೋಮವಾರಕ್ಕೆ ಗ್ರಾಮಸಭೆ ಕರೆದರು. ವಿಷಯ ಒಂದೇ: ಹಂದಿ ಶೆಡ್ಡು ಎತ್ತಿಸುವುದು. ತೊಂದರೆಗೊಳಗಾದ ಶೋಭಾಳ ಹೆಸರಿನಲ್ಲಿಯೇ ಅರ್ಜಿ ಬರೆದಿದ್ದರು. ಅವಳು ಸಭೆಯಲ್ಲಿ ಎಲ್ಲರೆದುರು ಸಹಿ ಮಾಡುವುದು, ಪಿಡಿಓ ಠರಾವು ಬರೆಯುವುದು, ಅಲ್ಲಿಗೆ ಮುಗಿಯಿತು.

ನೋಟೀಸು ಓದಿಸಿ ಕೇಳಿದ ದುಂಡವ್ವನಿಗೆ ಮೈ ಉರಿದುಹೋಯಿತು. ಮೂರು ವರ್ಷದ ದುಡಿಮೆ, ಮುಂದಿನ ಇಡೀ ಬದುಕು ಆ ಶೆಡ್ಡಿನಲ್ಲಿತ್ತು. ಅದನ್ನು ಕೀಳಲು ಬಂದವರ ಕೈ ಮುರಿಯುತ್ತೇನೆ ಎಂದು ಅಂಗಳದಲ್ಲಿ ನಿಂತು ಕೂಗಿದಳು. ಮಾಳಪ್ಪ ಮಾತ್ರ ಬಾಗಿಲಿಗೆ ಒರಗಿ ಕೂತು ನೆಲ ಕೆರೆಯುತ್ತಿದ್ದ. ಗಂಡ ಹೆದರಿದ್ದಾನೆ ಅಂದುಕೊಂಡು ಆಕೆ ಮುಂಜಾನೆಯ ಬಸ್ಸಿಗೆ ಮೂಡಲಗಿಗೆ ಹೋದಳು. ಅಲ್ಲಿ ದನದ ಡಾಕ್ಟರು ಅರ್ಚನಾ ಇದ್ದರು. ಹಂದಿಗೆ ಸೂಜಿ ಹಾಕಲು ಶೆಡ್ಡಿಗೆ ಬಂದಾಗಲೆಲ್ಲ ಹೇಳಿಸಿಕೊಳ್ಳದೆ ಸುಣ್ಣದ ನೀರಿಗೆ ಕಾಲಿಡುತ್ತಿದ್ದುದರಿಂದ ದುಂಡವ್ವನಿಗೆ ಅವರ ಮೇಲೆ ಗೌರವವಿತ್ತು.

"ಮಾಂಸ ಕಣ್ಣಿಲೆ ನೋಡದವ್ರಿಗಿ ಹಂದಿ ಹುಳಾ ಹೆಂಗ ಬರ್ತೈತ್ರಿ, ಡಾಕ್ಟರ? ಗಾಳಿಗಿ ಹಾರಿ ಬರ್ತೈತೇನ್ರಿ?"

"ಅದು ಹಂದಿಯಿಂದ ಬಂದಿದ್ದಲ್ಲ ಅಕ್ಕಾರ, ಮನಷ್ಯಾನಿಂದ ಬಂದೈತಿ," ಅಂದರು ಅರ್ಚನಾ. ಒಂದು ಹಾಳೆಯ ಮೇಲೆ ಮನುಷ್ಯ, ಹಂದಿ, ಸೊಪ್ಪಿನ ಮಡಿ ಬರೆದು ಗೆರೆ ಎಳೆದು ತೋರಿಸಿದರು. ಗಂಟಿರುವ ಹಂದಿಯ ಮಾಂಸವನ್ನು ಅರ್ಧಂಬರ್ಧ ಬೇಯಿಸಿ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನು ಬಯಲಿನಲ್ಲಿ ಕೂತರೆ ಕಣ್ಣಿಗೆ ಕಾಣದ ತತ್ತಿಗಳು ಅಲ್ಲಿ ಬೀಳುತ್ತವೆ. ಅದನ್ನು ಹಂದಿ ತಿಂದರೆ ಹಂದಿಯ ಮೈಯಲ್ಲಿ ಗಂಟು. ಅದೇ ತತ್ತಿ ಸೊಪ್ಪಿಗೆ ಹತ್ತಿ, ತೊಳೆಯದೆ ಯಾರಾದರೂ ಹಸಿಯಾಗಿ ತಿಂದರೆ ಅವರ ತಲೆಯಲ್ಲಿ ಗಂಟು.

"ಹಂದೀನೂ ಶೋಭಾನೂ ಒಂದಽ ಸಾಲಿನ್ಯಾಗ ನಿಂತಾರ ನೋಡ್ರಿ. ಇಬ್ಬರಿಗೂ ಕೊಟ್ಟಾಂವ್ ಬ್ಯಾರೆ ಅದಾನ," ಅಂದರು.

ದುಂಡವ್ವನಿಗೆ ಆನೆಬಲ ಬಂತು. ಅದೇ ಹಾಳೆ ಕೊಡಿ, ಮುರಿಗೆಪ್ಪನ ಹಣೆಗೆ ಅಂಟಿಸುತ್ತೇನೆ ಎಂದು ಕೈ ಚಾಚಿದಳು. ಅರ್ಚನಾ ಹಾಳೆ ಕೊಡಲಿಲ್ಲ.

"ತಡೀರಿ. ಹಂದಿ ಹೊರಗ ಬಿಡ್ತೀರೇನು?"

"ಒಂದಿನಾನೂ ಇಲ್ರಿ!"

"ಏನ ಹಾಕ್ತೀರಿ?"

"ಗೋವಿನಜೋಳದ ನುಚ್ಚು, ಹೊಟ್ಟು, ಕುದಿಸಿದ ಮುಸುರಿ. ಆಮ್ಯಾಲ ಕಾಲವಿ ದಂಡಿ ಹಸಿ ಹುಲ್ಲು."

"ಆ ದಂಡಿಗಿ ಚರಿಗಿ ತಗೊಂಡು ಯಾರ್ಯಾರ ಹೋಗ್ತಾರ?"

"ಊರಽ ಹೋಗ್ತೈತ್ರಿ."

"ನಿಮ್ಮ ಮನ್ಯಾಗ ಸಂಡಾಸ ಇಲ್ಲೇನು?"

"ಯಾಕಿಲ್ರಿ? ಟೈಲ್ಸ್ ಹಾಕ್ಸೇನಿ!"

"ಅದರಾಗ ಏನೈತಿ?"

"ಹದಿನಾಕ ಚೀಲ ಹೊಟ್ಟು," ಅಂದುಬಿಟ್ಟಳು ದುಂಡವ್ವ. ಅಂದ ಮೇಲೆ ತಾನೇನು ಅಂದೆ ಎಂಬುದು ಅವಳಿಗೆ ತಿಳಿಯಿತು.

ಕೆಂಚನಹಟ್ಟಿಯಲ್ಲಿ ಸರಕಾರದ ಸಂಡಾಸ ಇಲ್ಲದ ಮನೆ ಇರಲಿಲ್ಲ. ಊರ ಮುಂದಿನ ಬೋರ್ಡಿನಲ್ಲಿಯೂ ಹಾಗೆಂದೇ ಬರೆದಿತ್ತು. ಗಟ್ಟಿ ಗೋಡೆ, ಶೀಟಿನ ಮಾಡು, ಕಬ್ಬಿಣದ ಬಾಗಿಲು, ಇಲಿ ಬಾರದ ಕೋಣೆ. ಅಂಥ ಜಾಗವನ್ನು ಸಂಡಾಸಕ್ಕೆ ಹಾಳುಮಾಡುವಷ್ಟು ದಡ್ಡರು ಆ ಊರಲ್ಲಿ ಯಾರೂ ಇರಲಿಲ್ಲ. ಒಬ್ಬರು ಗೊಬ್ಬರ ಇಟ್ಟರು, ಒಬ್ಬರು ಮೋಟಾರು ಇಟ್ಟರು, ಒಬ್ಬರು ಕೋಳಿ ಕೂಡಿಹಾಕಿದರು. ಮಂದಿ ಮಾತ್ರ ನಸುಕಿನಲ್ಲಿ ನೀರಿನ ಚರಿಗೆ ಹಿಡಿದು ಕಾಲುವೆಯ ದಂಡೆಗೆ ನಡೆದರು. ಹಂದಿಗಾಗಿ ನೆಲಕ್ಕೆ ಸಿಮೆಂಟು ಹಾಕಿಸಿದ ದುಂಡವ್ವನೂ ಆ ಸಾಲಿನಲ್ಲೇ ಇದ್ದಳು.

"ಮನಿಗಿ ಹೋಗಿ ಎಲ್ಲಾ ಹಂದಿ ನಾಲಿಗಿ ಹೊಳ್ಳಿಸಿ ನೋಡ್ರಿ," ಅಂದರು ಅರ್ಚನಾ. "ಕೆಳಗ ಗಂಟ ಸಿಕ್ರ ನನಗ ಫೋನ್ ಮಾಡ್ರಿ. ಮಾರಬ್ಯಾಡ್ರಿ."

ಕುರಿಯ ಬಾಯಿ ತೆರೆದು ಹಲ್ಲೆಣಿಸಿ ವಯಸ್ಸು ಹೇಳುವುದು ದುಂಡವ್ವನಿಗೆ ತವರಿನಿಂದ ಬಂದ ವಿದ್ಯೆ. ಹಂದಿಯ ನಾಲಿಗೆ ಹೊರಳಿಸುವುದನ್ನು ಹುಕ್ಕೇರಿಯ ವ್ಯಾಪಾರಿ ಕಿಶೋರನನ್ನು ನೋಡಿ ಕಲಿತಿದ್ದಳು. ಅವನು ಹಂದಿ ಕೊಳ್ಳುವ ಮೊದಲು ಬಾಯಿಗೆ ಕೋಲು ಅಡ್ಡವಿಟ್ಟು, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಕೆಳಗೆ ಬೆರಳಾಡಿಸುತ್ತಿದ್ದ. ಸಬ್ಬಕ್ಕಿಯಂಥ ಗಂಟು ಸಿಕ್ಕರೆ "ಸಾಬೂದಾಣಿ ಐತಿ" ಅನ್ನುತ್ತಿದ್ದ. ದುಂಡವ್ವನ ಶೆಡ್ಡಿನಲ್ಲಿ ಅವನಿಗೆ ಅದು ಈವರೆಗೆ ಸಿಕ್ಕಿರಲಿಲ್ಲ.

ಆ ಮಧ್ಯಾಹ್ನ ಮಾಳಪ್ಪ ಹಗ್ಗ ಹಿಡಿದ, ದುಂಡವ್ವ ಬೆರಳಾಡಿಸಿದಳು. ಒಂದು ನುಣುಪು, ಎರಡು ನುಣುಪು. ಹತ್ತೊಂಬತ್ತು ಹಂದಿಗಳ ನಾಲಿಗೆ ನುಣುಪಾಗಿಯೇ ಇತ್ತು. ಇಪ್ಪತ್ತನೆಯದು ಗೌಡ್ತಿ, ದುಂಡವ್ವ ಪ್ರೀತಿಯಿಂದ ಹೆಸರಿಟ್ಟು ಸಾಕಿದ ಹೆಣ್ಣುಹಂದಿ. ಹಸಿ ಹುಲ್ಲಿನ ಮೊದಲ ಹಿಡಿ ಯಾವಾಗಲೂ ಅದಕ್ಕೇ. ಅದರ ನಾಲಿಗೆಯ ಕೆಳಗೆ ಬೆರಳಿಗೆ ಗುಳುಗುಳು ಹತ್ತಿತು. ನೆನೆಸಿದ ಸಾಬೂದಾಣಿಯಂಥ ಬೆಳ್ಳನೆಯ ಮೂರು ಕಾಳು.

ದುಂಡವ್ವ ಗೌಡ್ತಿಯ ಬೆನ್ನ ಮೇಲೆ ಕೈಯಿಟ್ಟು ಕೂತುಬಿಟ್ಟಳು. ಅಳು ಬಂತು, ಅತ್ತಳು. ತಲೆ ಎತ್ತಿದಾಗ ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಕಿವಿಯವರೆಗೂ ಬೆವರಿತ್ತು.

"ಏನ್ರಿ? ಈ ಕಡೆ ನೋಡ್ರಿ. ನೋಡ್ರಿ ಅಂದ್ನಿ."

ಮಾಳಪ್ಪ ನೋಡಲಿಲ್ಲ. ಗೋಡೆಗೇ ಹೇಳಿದ. ಯುಗಾದಿಯಿಂದ ಅವನ ಹೊಟ್ಟೆಯಿಂದ ಬಿಳಿ ಬಿಳಿ ತುಂಡು ಬೀಳುತ್ತಿವೆ, ಸೋರೆಬೀಜದಂಥವು, ಒಮ್ಮೊಮ್ಮೆ ಮಿಸುಕಾಡುತ್ತವೆ. ನಾಚಿಕೆಗೆ ಯಾರಿಗೂ ಹೇಳಿಲ್ಲ. ಹುಕ್ಕೇರಿಗೆ ಹಂದಿ ಬಿಡಲು ಹೋದಾಗಲೆಲ್ಲ ಕಿಶೋರನ ಅಂಗಳದಲ್ಲಿ ಕಬ್ಬಿನ ಒಣಗರಿ ಉರಿಸಿ ಮಾಂಸ ಸುಡುತ್ತಾರೆ. ಹೊರಗೆ ಕರಿ, ಒಳಗೆ ಕೆಂಪು. ಹಾಗೇ ರುಚಿ ಎಂದು ಎಲ್ಲರೂ ತಿನ್ನುತ್ತಾರೆ, ಇವನೂ ತಿಂದ.

"ನೀವು ಕುಂಡ್ರೂದು ಎಲ್ಲಿ?" ಎಂದು ಕೇಳಿದಳು ದುಂಡವ್ವ. ಉತ್ತರ ಅವಳಿಗೇ ಗೊತ್ತಿತ್ತು. ತಮ್ಮ ಮೆಂತ್ಯೆ ಮಡಿಯ ಮೇಲಿನ ದಂಡೆ. ಅವಳು ಹುಲ್ಲು ಕೊಯ್ಯುವುದೂ ಅಲ್ಲಿಯೇ. ಆ ಮೆಂತ್ಯೆ ಊರ ಹತ್ತು ಮನೆಗೆ ಹೋಗುತ್ತದೆ, ಮುರಿಗೆಪ್ಪನ ಮನೆಗೂ ಹೋಗುತ್ತದೆ. ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ಹೆಚ್ಚಿ ಪಚಡಿ ಮಾಡುವುದು ಎಲ್ಲ ಮನೆಯ ಊಟ. ಮಣ್ಣು ಕೊಡವಿದರೆ ಸಾಕು, ತೊಳೆದರೆ ಸೊಪ್ಪಿನ ಘಮ ಹೋಗುತ್ತದೆ ಎಂದು ಎಲ್ಲರ ನಂಬಿಕೆ. ಹಾಗೆಂದು ಶೋಭಾಳಿಗೆ ಹೇಳಿಕೊಟ್ಟವಳೇ ದುಂಡವ್ವ.

ಅವಳಿಗೆ ಗಂಡನನ್ನು ಕೋಲಿನಿಂದ ಬಡಿಯಬೇಕು ಅನಿಸಿತು. ಆಮೇಲೆ ಅದೇ ಕೋಲಿನಿಂದ ತನ್ನನ್ನೂ ಬಡಿದುಕೊಳ್ಳಬೇಕು ಅನಿಸಿತು. ಎರಡನ್ನೂ ಮಾಡದೆ, ಅವನ ರಟ್ಟೆ ಹಿಡಿದು ಮೂರು ಗಂಟೆಯ ಬಸ್ಸಿಗೆ ಘಟಪ್ರಭಾಕ್ಕೆ ಹೊರಟಳು. ದವಾಖಾನೆಯಲ್ಲಿ ಅವನಿಗಿಂತ ಮುಂದೆ ನಿಂತು ಎಲ್ಲ ಬಿಚ್ಚಿ ಹೇಳಿದಳು. ಡಾಕ್ಟರು ಅಲ್ಲಿಯೇ ಗುಳಿಗೆ ನುಂಗಿಸಿದರು. ಹೊರಗೆ ಬಂದು ಅರ್ಚನಾ ಅವರಿಗೆ ಫೋನು ಮಾಡಿ ಗೌಡ್ತಿಯ ಗಂಟಿನ ಸಂಗತಿಯನ್ನೂ ಹೇಳಿದಳು.

ಭಾನುವಾರ ಬೆಳಗ್ಗೆ ಕಿಶೋರ ಟೆಂಪೊ ತಂದು ನಿಲ್ಲಿಸಿದ. ಮಾಳಪ್ಪನೇ ಫೋನು ಮಾಡಿದ್ದ. ಕಿಶೋರ ಗೌಡ್ತಿಯ ನಾಲಿಗೆ ನೋಡಿದ, ನಕ್ಕ.

"ಕಾಕೂ, ಇದನ್ನ ಈಗಽ ಎತ್ತಿಸ್ರಿ. ನಾಳಿ ಸಭಾದಾಗ ಯಾವ ಬ್ರಹ್ಮ ಬಂದ್ರೂ ನಿಮ್ಮ ಶೆಡ್ಡಿನ್ಯಾಗ ಒಂದ ಗಂಟ ಸಿಗಾಂಗಿಲ್ಲ. ಮಸಾಲಿ ಹಾಕಿದ ಮ್ಯಾಲ ಸಾಬೂದಾಣಿ ಯಾರಿಗಿ ಕಾಣ್ತೈತ್ರಿ?"

"ತಿಂದಾಂವ್ಗ ಕಾಣ್ತೈತಿ. ಮೂರ ತಿಂಗಳ ಆದ ಮ್ಯಾಲ," ಅಂದಳು ದುಂಡವ್ವ. "ನಮ್ಮ ಮನ್ಯಾಂವ್ರಿಗಿ ಕಂಡೈತಿ. ನಿನ್ನ ಅಂಗಳದಾಗ ಸುಟ್ಟ ತಿಂದದ್ದು. ನೀನೂ ಒಮ್ಮಿ ಹೊಟ್ಟಿ ತೋರಿಸ್ಕೋ ಹೋಗು."

ಕಿಶೋರನ ನಗು ಅರ್ಧಕ್ಕೇ ನಿಂತಿತು. ಟೆಂಪೊ ಖಾಲಿ ಹೋಯಿತು.

ಮಾಳಪ್ಪ ಕೈ ಮುಗಿದ. "ಏಯ್, ಸಭಾದಾಗ ನನ್ನ ಹೆಸರ ತಗೀಬ್ಯಾಡ. ಮರ್ಯಾದಿ ಹೋಗ್ತೈತಿ. ಡಾಕ್ಟರ ಹೇಳಿದ್ದಷ್ಟ ಹೇಳು, ಸಾಕು."

"ನಿಮ್ಮ ಹೆಸರ ನಾ ತಗ್ಯಾಂಗಿಲ್ಲ," ಅಂದಳು. "ಆದ್ರ ಗೌಡ್ತಿನ್ನ ಮುಚ್ಚಿಡಾಂಗಿಲ್ಲ. ಮೂರ ವರ್ಷ ಚೊಕ್ಕಟ, ಚೊಕ್ಕಟ ಅಂತ ಎದಿ ಬಡ್ಕೊಂಡೇನಿ. ಈಗ ಹೊಲಸ ಐತಿ ಅಂತ ಹೇಳೂದೂ ನಂದಽ ಕೆಲಸ."

ಸೋಮವಾರ ಬೆಳಗ್ಗೆ ಊರು ನೋಡುವಂತೆ ಹದಿನಾಲ್ಕು ಚೀಲ ಹೊಟ್ಟನ್ನು ಸಂಡಾಸದಿಂದ ಎಳೆದು ಬೀದಿಗೆ ಹಾಕಿದಳು. ಶೆಡ್ಡಿನಿಂದ ತಾಡಪಾಲು ತಂದು ಮುಚ್ಚಿದಳು. ಸಂಡಾಸವನ್ನು ಹಂದಿ ಶೆಡ್ಡಿನ ಪೈಪಿನಿಂದಲೇ ತೊಳೆದಳು. ಹನ್ನೊಂದಕ್ಕೆ ಗೌಡ್ತಿಯನ್ನು ತಳ್ಳುಗಾಡಿಯಲ್ಲಿ ಕಟ್ಟಿಕೊಂಡು ಪಂಚಾಯಿತಿ ಕಟ್ಟೆಯ ಮುಂದೆ ತಂದು ನಿಲ್ಲಿಸಿದಳು. ಜನ ಹೋ ಎಂದು ಹಿಂದೆ ಸರಿದರು. ಪಿಡಿಓ ಎದ್ದು ನಿಂತ.

"ಏನ ಇದು, ದುಂಡವ್ವಾ? ಸಭಾಕ್ಕ ಹಂದಿ ತರತಾರೇನು?" ಎಂದು ಗುಡುಗಿದ ಮುರಿಗೆಪ್ಪ.

"ಅಕೀ ಮ್ಯಾಲಽ ಅರ್ಜಿ ಕೊಟ್ಟೀರಿ. ಅಕಿ ಬರಬ್ಯಾಡೇನ್ರಿ?" ಅಂದಳು ದುಂಡವ್ವ. ಕೋಲಿಟ್ಟು ಬಾಯಿ ತೆರೆದಳು, ನಾಲಿಗೆ ಎಳೆದು ಹೊರಳಿಸಿದಳು. "ಬರ್ರಿ, ನೋಡ್ರಿ. ಹುಳಾ ಐತಿ. ಇಪ್ಪತ್ತರಾಗ ಒಂದಕ್ಕ ಐತಿ. ಇದನ್ನ ನಾ ಮಾರಾಂಗಿಲ್ಲ. ಮೂಡಲಗಿ ಡಾಕ್ಟರ ಮಧ್ಯಾಹ್ನ ಬಂದು ಸೂಜಿ ಹಾಕ್ತಾರ, ಆಳ ತೆಗ್ಗ ತಗದು ಸುಣ್ಣ ಹಾಕಿ ಹುಗೀತೇನಿ."

"ಕೇಳಿದ್ರೆಲ್ಲಾ?" ಮುರಿಗೆಪ್ಪ ಸಭೆಯತ್ತ ತಿರುಗಿದ. "ತಾನಽ ಒಪ್ಕೊಂಡ್ಲು. ಬರೀರಿ ಸಾಹೇಬ್ರ, ಶೆಡ್ಡು ಬಂದ್."

"ಬರೀರಿ! ಆದ್ರ ಪೂರಾ ಬರೀರಿ. ಹುಲ್ಲ ಬಿಟ್ಟು ಹೊರಗಿನ ಒಂದ ಎಸಳ ತಿನ್ನದ ಹಂದಿಗಿ ಹುಳಾ ಎಲ್ಲಿಂದ ಬಂತು ಅಂತನೂ ಬರೀರಿ. ಈ ಹಂದಿ ಬೈಲಕಡಿಗಿ ಹೋಗಿಲ್ಲ. ಬೈಲಕಡಿಗಿ ಹೋದಾಕಿ ನಾನು. ಹೋದವ್ರು ನೀವು. ಕಾಲವಿ ದಂಡಿ ಮ್ಯಾಲ ನಾವು ಕುಂತದ್ದನ್ನ ಹಂದಿ ತಿಂತು, ಅದನ್ನಽ ಶೋಭಕ್ಕಾನೂ ತಿಂದ್ಲು, ಪಚಡಿಯೊಳಗ. ನನ್ನ ಮಡಿ ಮೆಂತ್ಯೆ ಇರಬೌದು, ನಿಮ್ಮ ಮಡಿ ಕೊತ್ತಂಬ್ರಿ ಇರಬೌದು. ನಂದಲ್ಲ ಅಂತ ನಾ ಆಣಿ ಮಾಡಾಂಗಿಲ್ಲ. ನೀವ ಯಾರರೆ ಮಾಡ್ತೀರೇನು?"

ಸಭೆಯಲ್ಲಿ ಗುಜುಗುಜು ಎದ್ದಿತು. ಹೊಲಸು ಮಾತಾಡಬೇಡ ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮಾಳಪ್ಪ ಮೊಣಕಾಲು ಹಿಡಿದುಕೊಂಡು ಎದ್ದು ನಿಂತ. ದುಂಡವ್ವ ಬೇಡವೆಂದು ತಲೆ ಆಡಿಸಿದಳು. ಅವನು ನೋಡಿಯೂ ನಿಲ್ಲಲಿಲ್ಲ.

"ಹುಳಾ ನನ್ನ ಹೊಟ್ಟ್ಯಾಗಿತ್ತು," ಅಂದ. "ಅರೆಬರೆ ಸುಟ್ಟ ಮಾಂಸ ತಿಂದೇನಿ, ದಂಡಿ ಮ್ಯಾಲ ಕುಂತೇನಿ. ಗುಳಿಗಿ ತಗೊಂಡೇನಿ. ನಿಮ್ಮಾಗ ಇನ್ನೂ ಯಾರಿಗರೆ ಬಿಳಿ ತುಂಡ ಬೀಳಾಕತ್ತಿದ್ರ ನಾಚಬ್ಯಾಡ್ರಿ, ದವಾಖಾನಿಗಿ ಹೋಗ್ರಿ."

ಇಬ್ಬರು ಗಂಡಸರು ತಲೆ ತಗ್ಗಿಸಿದ್ದನ್ನು ದುಂಡವ್ವ ಕಂಡಳು. ಗಂಡನ ಮೇಲೆ ಆಕೆಗೆ ಮದುವೆಯಾದಾಗಿನಿಂದ ಬಾರದಷ್ಟು ಅಭಿಮಾನ ಬಂತು. ಅದರ ಜೋರಿನಲ್ಲಿಯೇ ಆಕೆ ಮುಂದಿನ ಸಾಲಿನತ್ತ ಕೋಲು ತೋರಿಸುತ್ತ ಹೊರಟಳು.

"ಪರಸಪ್ಪಾ, ನಿನ್ನ ಸಂಡಾಸದಾಗ ಕೋಳಿ. ಮಾಲಾ, ನಿಮ್ಮದರಾಗ ಸಗಣಿ ಕುಳ್ಳು. ನಂದರಾಗ ಹೊಟ್ಟು ಇತ್ತು, ಇವತ್ತ ಬೀದ್ಯಾಗ ಐತಿ, ಹೋಗಿ ನೋಡ್ರಿ. ಅಧ್ಯಕ್ಷರ, ನಿಮ್ಮದರಾಗ ಏನೈತ್ರಿ?"

ಮುರಿಗೆಪ್ಪ ಸೊಂಟದ ಮೇಲೆ ಅಂಗಿ ಎಳೆದುಕೊಂಡ. ಅವನ ಸಂಡಾಸದಲ್ಲಿ ಯೂರಿಯಾ ಇತ್ತು. ಸಿಗದ ಕಾಲಕ್ಕೆಂದು ಒಟ್ಟಿದ ಗೊಬ್ಬರ, ಹೊರಗೆ ಹಿತ್ತಾಳೆಯ ಕೀಲಿ, ಅದರ ಚಾವಿ ಅವನ ಉಡದಾರದಲ್ಲಿ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಅದು ಈಗ ಬ್ಯಾಡ," ಎಂದು ಅವನು ಅರ್ಜಿಯನ್ನೂ ಪೆನ್ನನ್ನೂ ಹೆಂಡತಿಯತ್ತ ಸರಿಸಿದ. "ಶೋಭಾ, ಸೈ ಮಾಡು."

ಶೋಭಾ ಹೆಂಗಸರ ಸಾಲಿನ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ಗಿರಣಿಯಲ್ಲಿ ಬಿದ್ದಾಗ ಹುಬ್ಬಿನ ಮೇಲೆ ಆದ ಗಾಯದ ಹೊಲಿಗೆ ಇನ್ನೂ ಇತ್ತು. ಅವಳು ಗೌಡ್ತಿಯನ್ನು ಬಹಳ ಹೊತ್ತು ನೋಡಿದಳು. ಶೆಡ್ಡಿನ ಹಣೆಬರಹ ಆ ಪೆನ್ನಿನ ತುದಿಯಲ್ಲಿತ್ತು. ಶೋಭಾ ಪೆನ್ನು ತೆಗೆದುಕೊಂಡಳು, ಗಂಡನತ್ತ ಇನ್ನೊಂದು ಕೈ ಚಾಚಿದಳು.

"ಮೊದಲ ಚಾವಿ ಕೊಡ್ರಿ."

"ಯಾವ ಚಾವಿ?"

"ಸಂಡಾಸದ್ದು. ಲಗ್ನ ಆಗಿ ಹನ್ನೊಂದ ವರ್ಷ ಆತು. ಮಳ್ಯಾಗ, ಬಾಣಂತಿ ಇದ್ದಾಗ, ಮೊನ್ನಿ ದವಾಖಾನಿಯಿಂದ ಬಂದ ಮರುದಿನಾನೂ ಚರಿಗಿ ಹಿಡಕೊಂಡ ದಂಡಿಗಿ ಹೋಗೇನಿ. ಅಲ್ಲೇ ಫಿಟ್ಸ್ ಬಂದ್ರ ಕಾಲವಿಗಿ ಬೀಳ್ತೇನಿ ಅಂತ ಕೈಯಾಗ ಜೀವಾ ಹಿಡಕೊಂಡ ಕುಂಡ್ರತೇನಿ. ನಿಮ್ಮ ಗೊಬ್ಬರ ಮಾತ್ರ ಮನ್ಯಾಗ ಬೆಚ್ಚಗ ಕುಂತೈತಿ. ಚಾವಿ ಕೊಡ್ರಿ."

ಇಡೀ ಸಭೆ ಅಧ್ಯಕ್ಷನ ಸೊಂಟವನ್ನು ನೋಡುತ್ತಿತ್ತು. ಅವನು ಪಿಡಿಓನನ್ನು ನೋಡಿದ, ಪಿಡಿಓ ಹಾಳೆ ನೋಡಿದ. ಕೊನೆಗೆ ಅಂಗಿ ಎತ್ತಿ, ಉಡದಾರದ ಗಂಟು ಬಿಚ್ಚಿ, ಚಾವಿಯನ್ನು ಹೆಂಡತಿಯ ಅಂಗೈಗೆ ಹಾಕಿದ. ಶೋಭಾ ಅದನ್ನು ಸೆರಗಿನ ತುದಿಗೆ ಕಟ್ಟಿದಳು. ಪೆನ್ನನ್ನು ಮುಚ್ಚಿ ಅರ್ಜಿಯ ಮೇಲಿಟ್ಟಳು, ಸಹಿ ಮಾಡಲಿಲ್ಲ. ಎದ್ದು ಮನೆಯ ದಾರಿ ಹಿಡಿದಳು. ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಎದ್ದರು.

ಮಧ್ಯಾಹ್ನ ಅರ್ಚನಾ ಬಂದು ಸುಣ್ಣದ ನೀರಿಗೆ ಕಾಲಿಟ್ಟು ಒಳಗೆ ಹೋದರು. ಗೌಡ್ತಿಯ ತಲೆಯನ್ನು ದುಂಡವ್ವ ತೊಡೆಯ ಮೇಲೆ ಇಟ್ಟುಕೊಂಡೇ ಸೂಜಿ ಹಾಕಿಸಿದಳು. ಗುಂಡಿ ತೋಡಿದವನು ಮಾಳಪ್ಪ, ಸವೆದ ಮೊಣಕಾಲಿನಲ್ಲಿಯೇ. ಉಳಿದ ಹತ್ತೊಂಬತ್ತಕ್ಕೂ ಗುಳಿಗೆ ಹಾಕಿ, ದಂಡೆಯ ಹುಲ್ಲು ಬಂದ್ ಮಾಡಿ, ಮೂರು ತಿಂಗಳು ಒಂದನ್ನೂ ಮಾರಬೇಡಿ ಎಂದು ಅರ್ಚನಾ ಹೇಳಿದರು. ಮಾರುವುದಿಲ್ಲ ಅಂದಳು ದುಂಡವ್ವ. ಮೆಂತ್ಯೆಯ ಮಡಿಯನ್ನು ಅಂದೇ ಕಿತ್ತು ಸುಟ್ಟಳು.

ಮರುದಿನ ಬೆಳಗ್ಗೆ ಆಕೆ ಶೆಡ್ಡಿಗೆ ಹೊರಟಾಗ ಮುರಿಗೆಪ್ಪನ ಮನೆಯೆದುರು ಬೀದಿಯಲ್ಲಿ ಯೂರಿಯಾ ಚೀಲ ಸಾಲಾಗಿ ಬಿದ್ದಿದ್ದವು. ಯಾರಾದರೂ ಎತ್ತಿಕೊಂಡು ಹೋದಾರೆಂದು ಮುರಿಗೆಪ್ಪನೇ ಒಂದು ಚೀಲದ ಮೇಲೆ ಕೂತು ಕಾಯುತ್ತಿದ್ದ. ಹಿತ್ತಲಲ್ಲಿ ಸಂಡಾಸದ ಕಬ್ಬಿಣದ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದಾಯಿತು. ಮೇಲೆ ಮೋಡ ಕವಿದಿತ್ತು.

ದುಂಡವ್ವ ನಿಂತಳು.

"ಮಳಿ ಬರೂಹಂಗ ಐತ್ರಿ, ಅಧ್ಯಕ್ಷರ," ಅಂದಳು. "ಇನ್ನೊಂದ ತಾಡಪಾಲ ನಮ್ಮ ಹಂದಿ ಶೆಡ್ಡಿನ್ಯಾಗ ಐತಿ. ಬೇಕಾದ್ರ ಬಂದು ಒಯ್ರಿ. ಬರೂಮುಂದ ಸುಣ್ಣದ ನೀರಾಗ ಕಾಲ ತೊಳಕೊಂಡ ಬರ್ರಿ."